ದೊರೆಸಾನಿ ಮತ್ತು ಇನ್ನೊಬ್ಬಳು

ಮಾರ್ಚ್ ೪

ಅಮ್ಮಾ,

ಇವತ್ತು ಬೆಳಿಗ್ಗೆ ನಮ್ಮ ಕಚೇರಿಯ ಗೇಟಿನಲ್ಲಿ ಕಾವಲುಗಾರರು ಒಂದು ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನು ಓದುತ್ತಿದ್ದರು. ತೋಳನ್ನು ಎಷ್ಟು ಚಾಚಬಹುದೋ ಅಷ್ಟು ಚಾಚಿ, ಕತ್ತನ್ನು ಹಿಂದಕ್ಕೆ ಎಳೆದುಕೊಂಡು, ಯಾರೋ ದೂರದಲ್ಲಿ ಬರುತ್ತಿರುವವರ ಗುರುತು ಹಿಡಿಯುವವರಂತೆ. ನನ್ನನ್ನು ಕಂಡು, "ಈ ಕೊನೇ ಸಾಲು ಸ್ವಲ್ಪ ಓದಮ್ಮ, ನನ್ನ ತೋಳು ಸಾಲ್ತಿಲ್ಲ" ಅಂದರು. ಓದಿದೆ: 'ಅನುಮತಿಸಲ್ಪಟ್ಟ ಹೆಚ್ಚುವರಿ ಪರಿಮಳಕಾರಕಗಳನ್ನು ಒಳಗೊಂಡಿರಬಹುದಾಗಿದೆ.'

"ಅಂದ್ರೆ?"

"ಘಮಘಮ ಅನ್ನಲಿ ಅಂತ ಏನೋ ಹಾಕಿರಬಹುದು."

"ಹಾಗಂತಲೇ ಬರೆಯೋಕೆ ಇವರಿಗೇನು ಧಾಡಿ?"

'ಹಾಗೆ ಬರೆಯೋಕೇ ನನ್ನನ್ನ ಕೆಲಸಕ್ಕೆ ತಗೊಂಡಿರೋದು' ಅನ್ನಬೇಕು ಅಂದುಕೊಂಡೆ. ಉತ್ತರ ಹೊಳೆಯುವ ಹೊತ್ತಿಗೆ ಎಂದಿನಂತೆ ಎರಡನೇ ಮಹಡಿಯಲ್ಲಿದ್ದೆ.

ನೀನು ಫೋನಿನಲ್ಲಿ ಕೇಳಿದಾಗಲೆಲ್ಲ 'ಹೂಂ, ಚೆನ್ನಾಗಿದೆ' ಅನ್ನುತ್ತೇನಲ್ಲ, ಅದರ ಮುಂದಿನ ಭಾಗ ಇದು. ಆಹಾರ ಸುರಕ್ಷತಾ ಇಲಾಖೆಯಲ್ಲಿ ವಿಜ್ಞಾನಿಗಳಿದ್ದಾರೆ, ವಕೀಲರಿದ್ದಾರೆ. ಅವರಿಬ್ಬರೂ ಸೇರಿ ಬರೆದದ್ದು ಅವರಿಬ್ಬರಿಗೂ ಅರ್ಥವಾಗುವುದಿಲ್ಲ. ಅದನ್ನು ಅಂಗಡಿಯಲ್ಲಿ ನಿಂತವರಿಗೆ ತಿಳಿಯುವಂತೆ ಬರೆಯುವುದು ನನ್ನ ಕೆಲಸ. ಸಾಹಿತ್ಯ ಓದಿ ಏನು ಮಾಡ್ತೀಯ ಅಂದವರಿಗೆಲ್ಲ ಹೇಳು, ಮೊಟ್ಟೆಯನ್ನು ಎಷ್ಟು ಹೊತ್ತು ಬೇಯಿಸಬೇಕು ಅಂತ ಬರೀತಾಳೆ ಅಂತ. ಆರು ತಿಂಗಳ ಪ್ರೊಬೇಷನ್. ಕೆಲಸ ಮೆಚ್ಚಿಕೊಂಡರೆ ಕಾಯಂ.

ಮೇಲಿನವರು ಒಬ್ಬ ಮೇಡಂ. ಒಂದೊಂದು ಮಾತಿಗೂ ನಿಂತು ನಿಂತು ಮಾತಾಡುತ್ತಾರೆ, ಹಾಗಾಗಿ ಅವರಿಗೆ ಅಲ್ಪವಿರಾಮ ಅಂತ ಹೆಸರಿಟ್ಟಿದ್ದೇನೆ. ಯಾರಿಗೂ ಹೇಳಿಲ್ಲ, ನಿನಗೆ ಮಾತ್ರ. ನಿನ್ನೆ ಕರೆದು ಹೇಳಿದರು: "ಮುಂದಿನ ಕೆಲಸ, ಸ್ವಲ್ಪ, ಸೂಕ್ಷ್ಮದ್ದು. ತದ್ರೂಪಿ ಪ್ರಾಣಿಗಳ, ಹಾಲು, ಮಾಂಸ. ಅದಕ್ಕೆ ಲೇಬಲ್, ಬೇಕೋ, ಬೇಡವೋ. ಬೇಕಾದರೆ, ಏನಂತ."

ನನಗೆ ಕೂಡಲೇ ನಮ್ಮ ಕೊಟ್ಟಿಗೆ ನೆನಪಾಯಿತು. ಪುಸ್ತಕದಲ್ಲಿ 'ತದ್ರೂಪಿ ಅಂದರೆ ಕ್ಲೋನ್' ಅಂತ ಬರೆದುಕೊಂಡೆ.

ನಿನ್ನ
ಹೂಂಗುಟ್ಟುವ ಮಗಳು

•

ಮಾರ್ಚ್ ೧೫

ಮಗಳೇ,

ಅಂತೂ ಕಾಗದದ ಮೇಲಾದರೂ ನಿನ್ನ ಬಾಯಿ ಬಿಚ್ಚಿತಲ್ಲ. ಇನ್ನು ಮೇಲೆ ಫೋನು ಬೇಡ, ಹೀಗೇ ಬರಿ. ನಾನೂ ಬರೀತೀನಿ. ನನ್ನ ಕೈಬರಹ ಆಡಿನ ಹೆಜ್ಜೆ ಥರ ಇದೆ ಅಂತ ನಗಬೇಡ.

ಇಲ್ಲಿ ದೊಡ್ಡ ಸುದ್ದಿ ಅಂದರೆ ಇನ್ನೊಬ್ಬಳು ಮರಿ ಹಾಕಿದಳು. ಎರಡು. ತಾಯಿ ಮರಿ ಮೂವರೂ ಗಟ್ಟಿಮುಟ್ಟಾಗಿದ್ದಾರೆ. ಹಾಲು ಶುರುವಾಗಿದೆ.

ಈ ಇನ್ನೊಬ್ಬಳು ನಮ್ಮನೆಗೆ ಬಂದಾಗ ನೀನು ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆಯ ಗಡಿಬಿಡಿ, ಪೂರ್ತಿ ಕಥೆ ಕೇಳಿರಲಿಲ್ಲ. ನಮ್ಮ ದೊರೆಸಾನಿ ಎಂಥ ಆಡು ಅಂತ ನಿನಗೇ ಗೊತ್ತು. ಹಾಲು ಕರೆಯುವಾಗ ಕಲ್ಲಿನ ಬೊಂಬೆ ಥರ ನಿಂತಿರೋಳು. ಅವಳಿಗೆ ವಯಸ್ಸಾಯ್ತು, ಹಾಲು ನಿಂತಿತು. ಆಗಲೇ ಆ ಕಂಪನಿಯವನು ಬಂದದ್ದು. ಸೆಂಟು ಹಾಕ್ಕೊಂಡು ಬರ್ತಾನೆ, ಅವನು ಗೇಟು ತೆಗೆದರೆ ಇಲ್ಲಿ ಆಡುಗಳೆಲ್ಲ ಸೀನುತ್ತವೆ. ಸುಗಂಧರಾಯ ಅಂತ ಕರೀತೀನಿ. ನಮ್ಮಿಬ್ಬರಿಗೂ ಹೆಸರಿಡೋ ಚಾಳಿ ಒಂದೇ ನೋಡು. ದೊರೆಸಾನಿಯ ಕಿವಿ ತುದಿಯಿಂದ ಕಡ್ಲೆಯಷ್ಟು ಚೂರು ತಗೊಂಡು, ಅದರಿಂದ ಅಚ್ಚು ಹಾಕಿದ ಹಾಗೆ ಇನ್ನೊಂದು ದೊರೆಸಾನಿ ಮಾಡಿಕೊಡ್ತೀವಿ ಅಂದ. ಮೂರು ವರ್ಷ ಆಡು ಕಂಪನಿಯದು, ಮೇವು ಔಷಧಿ ಅವರದು, ಹಾಲೂ ಮರಿಗಳೂ ನನ್ನವು. ಆಮೇಲೆ ಆಡೂ ನನ್ನದೇ. ಹೂಂ ಅಂದೆ.

ಅಚ್ಚು ಹಾಕಿದ ಹಾಗಂತೆ! ದೊರೆಸಾನಿಗೆ ಹಣೆಯ ಮೇಲೆ ಬಿಳಿ ಮಚ್ಚೆ, ಇವಳಿಗೆ ಪಕ್ಕೆಯ ಮೇಲೆ. ಅವಳು ಬೊಂಬೆ, ಇವಳು ಹಾಲು ಕರೆಯುವಾಗ ಕುಣೀತಾಳೆ. ಅವಳಿಗೆ ಇವಳನ್ನು ಕಂಡರೆ ಆಗಲ್ಲ, ಬಿಸಿಲಿನ ಜಾಗಕ್ಕೆ ಇಬ್ಬರಿಗೂ ದಿನಾ ಜಗಳ. ಸುಗಂಧರಾಯನಿಗೆ ಹೇಳಿದೆ, "ಅಚ್ಚು ಸ್ವಲ್ಪ ಅಲ್ಲಾಡಿದೆ ಕಣಯ್ಯ" ಅಂತ. ಹಲ್ಲು ಬಿಟ್ಟ. "ಇವಳ ಜೊತೆ ಇನ್ನೆಷ್ಟು ಮಾಡಿದ್ರಿ, ಎಷ್ಟು ಬದುಕಿದವು?" ಅಂತ ಕೇಳಿದೆ. ನನ್ನ ಬಾಗಿಲಿನ ಬಣ್ಣ ತುಂಬ ಚೆನ್ನಾಗಿದೆ ಅಂದ.

ಆದರೆ ಹಾಲು ಅದೇ ಹಾಲು. ಅದೇ ರುಚಿ. ನಮ್ಮ ಹಾಲಿನ ಅಂಗಡಿಗೆ ಚೀಸು ಮಾಡಿ ನೋಡಿದೆ, ಅದೂ ಅದೇ.

ಹೋದ ವಾರ ನನ್ನ ಮತ್ತೆ ಇನ್ನೊಬ್ಬಳ ಫೋಟೋ ತೆಗೆದುಕೊಂಡು ಹೋದ. ನೀಲಿ ಸ್ವೆಟರ್ ಹಾಕ್ಕೊಂಡಿದ್ದೆ. ಚೆನ್ನಾಗಿ ಬಂದಿದೆಯಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ

•

ಏಪ್ರಿಲ್ ೯

ಅಮ್ಮಾ,

ನಿನ್ನ ಸುಗಂಧರಾಯ ನಮ್ಮ ಲಿಫ್ಟಿನಲ್ಲಿದ್ದ! ಅವನು ಇಳಿದು ಹೋದ ಮೇಲೆ ನಾನು ಹತ್ತಿದ್ದು, ಆದರೂ ಎರಡು ಸಲ ಸೀನಿದೆ. ಮೀಟಿಂಗ್ ಕೋಣೆಗೆ ಹೋದರೆ ಅದೇ ವಾಸನೆ, ಜೊತೆಗೆ ಎಲ್ಲ ಹಲ್ಲೂ ಕಾಣುವ ಒಂದು ನಗು. ಕ್ಲೋನ್ ಕಂಪನಿಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿವೆ. ಅದರ ಪರವಾಗಿ ಅವನು ವಾರಕ್ಕೊಮ್ಮೆಯಾದರೂ ನಮ್ಮಲ್ಲಿಗೆ ಬರುತ್ತಾನೆ. ಬರಿಗೈಯಲ್ಲಿ ಬರುವುದಿಲ್ಲ. ಕೇಕು, ಪೆನ್ನು, ಡೈರಿ, 'ಒಮ್ಮೆ ನಮ್ಮ ಪ್ರಯೋಗಾಲಯ ನೋಡಲು ಬನ್ನಿ, ಪಕ್ಕದಲ್ಲೇ ಸಮುದ್ರ' ಎಂಬ ಆಹ್ವಾನ. ಮೇಡಂ ಕೇಕನ್ನು ಮುಟ್ಟದೆ ವಾಪಸು ಕಳಿಸುತ್ತಾರೆ. ಲಿಫ್ಟಿನವರೆಗೆ ಅದನ್ನು ಎತ್ತಿಕೊಂಡು ಹೋಗುವ ಕೆಲಸ ನನ್ನದು. ಎಷ್ಟು ಕಷ್ಟದ ಕೆಲಸ ಅಂತ ನಿನಗೆ ಗೊತ್ತಾಗಲಿಕ್ಕಿಲ್ಲ, ಅದು ಚಾಕೊಲೇಟ್ ಕೇಕು.

ನಮ್ಮ ವಿಜ್ಞಾನಿಗಳು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ. ಅವರು ಹೇಳುವುದೂ ನೀನು ಹೇಳುವುದೂ ಒಂದೇ. ಹಾಲು ಅದೇ ಹಾಲು, ಕುಡಿದರೆ ಏನೂ ಆಗುವುದಿಲ್ಲ. ಅದರಲ್ಲಿ ಜಗಳವಿಲ್ಲ. ಜಗಳ ಇರುವುದು ಕೊಳ್ಳುವವರಿಗೆ ಹೇಳಬೇಕೇ ಅನ್ನುವುದರಲ್ಲಿ. ಹೇಳಿದರೆ ಜನ ಸುಮ್ಮಸುಮ್ಮನೆ ಹೆದರುತ್ತಾರೆ ಅಂತ ಒಕ್ಕೂಟ. ಹೇಳಲೇಬೇಕು ಅಂತಾದರೆ ಬರೆಯಲು ಅವರೇ ಒಂದು ವಾಕ್ಯ ಕೊಟ್ಟಿದ್ದಾರೆ: 'ಸುಧಾರಿತ ವಿಧಾನದ ಶ್ರೇಷ್ಠ ತಳಿಯ ಉತ್ಪನ್ನ.' ಅದನ್ನು ಗೇಟಿನ ಕಾವಲುಗಾರರಿಗೆ ಓದಿ ಹೇಳಿದೆ. "ಸೋಪೇ?" ಅಂದರು.

ಅಮ್ಮಾ, ಈಗ ಬರೆಯಬೇಕಾದದ್ದನ್ನು ಇಷ್ಟು ಹೊತ್ತು ಮುಂದೂಡಿದೆ. ಅವತ್ತು ಎಲ್ಲರಿಗೂ ಒಂದು ಬಣ್ಣದ ಪುಸ್ತಿಕೆ ಹಂಚಿದರು. ತೆರೆದರೆ ಅದರೊಳಗೆ ನೀನಿದ್ದೆ. ನೀಲಿ ಸ್ವೆಟರ್, ಪಕ್ಕದಲ್ಲಿ ಇನ್ನೊಬ್ಬಳು. ನಿಜಕ್ಕೂ ಚೆನ್ನಾಗಿ ಬಂದಿದೆ, ಇಬ್ಬರೂ ಕ್ಯಾಮೆರಾವನ್ನು ಗದರಿಸುವ ಹಾಗೆ ನೋಡುತ್ತಿದ್ದೀರಿ. ಕೆಳಗೆ 'ಒಂಟಿ ಮಹಿಳೆ, ಸಣ್ಣ ಅಂಗಡಿ' ಅಂತ ಇದೆ. ಅದರ ಕೆಳಗೆ ನೀನು ಹೇಳಿದ್ದು ಅಂತ ಒಂದು ಮಾತು: 'ಲೇಬಲ್ ಹಾಕಿದರೆ ನನಗೆ ಬಹಳ ಕಷ್ಟ. ದಯವಿಟ್ಟು ನನ್ನ ಬದುಕನ್ನು ಉಳಿಸಿಕೊಡಿ.'

ಮೇಡಂ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪ, ಈ ಹೆಂಗಸನ್ನು, ನಾವು, ಮರೆಯಬಾರದು" ಅಂದರು.

ನಿನ್ನ ಬಾಯಿಂದ 'ದಯವಿಟ್ಟು' ಅನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ನೀನು ಹಾಗೆ ಹೇಳಿದ್ದೆಯಾ?

ಫೋಟೋದಲ್ಲಿರುವುದು ನನ್ನಮ್ಮ ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ. ಪುಟ ತಿರುಗಿಸಿದೆ.

ನಿನ್ನ ಮಗಳು

•

ಮೇ ೧೧

ಮಗಳೇ,

ಉತ್ತರ ತಡವಾಯಿತು. ಕೆಲಸ ಇತ್ತು.

ನಾನು ಹೇಳಿದ್ದು ಇಷ್ಟು. ಅವನು, "ಲೇಬಲ್ ಬಂದರೆ ನಿಮಗೆ ಕಷ್ಟ ಅಲ್ವಾ ಅಮ್ಮ?" ಅಂದ. "ಅಕ್ಷರ ಸಣ್ಣಗಿದ್ದರೆ ಬಹಳ ಕಷ್ಟ. ನನ್ನ ಅಂಗಡಿಗೆ ಬರೋರೆಲ್ಲ ವಯಸ್ಸಾದೋರು, ಒಬ್ಬರಿಗೂ ಕಣ್ಣು ನೆಟ್ಟಗಿಲ್ಲ, ಎಲ್ಲರಿಗೂ ನಾನೇ ಓದಿ ಹೇಳಬೇಕಾಗುತ್ತೆ. ಹಾಕೋದಾದ್ರೆ ದಪ್ಪ ಅಕ್ಷರದಲ್ಲಿ ಹಾಕಿ" ಅಂದೆ. ಅವನು ಬರೆದುಕೊಂಡ. ಎಲ್ಲಿಂದ ಎಲ್ಲಿಯವರೆಗೆ ಬರೆದುಕೊಂಡ ಅಂತ ಈಗ ಗೊತ್ತಾಯಿತು. ಬದುಕು ಉಳಿಸಿಕೊಡಿ ಅಂದದ್ದು ಅವನ ಕೈಯಿಂದ ಬಿದ್ದ ಒಗ್ಗರಣೆ.

ಬಿಡು. ಏನೋ ಬರೆದುಕೊಂಡಿದ್ದಾನೆ, ನನ್ನ ಗಂಟೇನು ಹೋಯಿತು. ಮೂರು ವರ್ಷ ಆಗಲು ಇನ್ನೂ ಹದಿನಾಲ್ಕು ತಿಂಗಳಿದೆ. ಅಲ್ಲಿಯವರೆಗೆ ಇನ್ನೊಬ್ಬಳು ಅವರ ಆಡು. ಬೇಕೆಂದಾಗ ವ್ಯಾನು ತಂದು ಹತ್ತಿಸಿಕೊಂಡು ಹೋಗಬಹುದು. ಅವಳು ಈಗ ಹಾಲು ಕರೆಯುವಾಗ ಕುಣಿಯೋದು ಕಡಿಮೆ ಮಾಡಿದ್ದಾಳೆ. ನನ್ನ ಭುಜದ ಮೇಲೆ ಗದ್ದ ಇಡುತ್ತಾಳೆ. ದೊರೆಸಾನಿ ಯಾವತ್ತೂ ಹಾಗೆ ಮಾಡಿದವಳಲ್ಲ.

ನೀನು ಯಾರಿಗೂ ಹೇಳದೇ ಇದ್ದದ್ದು ಒಳ್ಳೆಯದೇ ಆಯಿತು. ನಿನ್ನ ಕೆಲಸ ಕಾಯಂ ಆಗಲಿ ಮೊದಲು.

ಅಮ್ಮ

(ಇದರ ಕೆಳಗೆ ಒಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಓದಲು ಹೋಗಬೇಡ.)

•

ಮೇ ೧೯

ಅಮ್ಮಾ,

ಹೊಡೆದು ಹಾಕಿದ ಸಾಲನ್ನು ಓದಲಿಲ್ಲ. ಕಾಗದವನ್ನು ಕಿಟಕಿಗೆ ಹಿಡಿದು ನೋಡಿದೆ, ನಿಜ. ಆದರೆ ನೀನು ಆಡಿನ ಗೊರಸಿನಿಂದ ತುಳಿಸಿದ ಹಾಗೆ ಹೊಡೆದಿದ್ದೀಯ, ಒಂದಕ್ಷರವೂ ಕಾಣಲಿಲ್ಲ.

ನಮ್ಮ ಇಲಾಖೆಯಲ್ಲಿ ಒಂದು ನಿಯಮವಿದೆ. ಕೈಯಲ್ಲಿರುವ ಕೆಲಸದಲ್ಲಿ ನಮ್ಮ ಮನೆಯವರ ಹಿತವೂ ಇದ್ದರೆ ಮೇಲಿನವರಿಗೆ ತಿಳಿಸಬೇಕು. ತಿಳಿಸಿದರೆ ಆ ಕೆಲಸ ಕೈತಪ್ಪುತ್ತದೆ. ಪ್ರೊಬೇಷನ್‌ನಲ್ಲಿ ಇರುವವಳ ಕೈಯಲ್ಲಿ ಇರುವುದೇ ಒಂದು ಕೆಲಸ, ಅದೂ ತಪ್ಪಿದರೆ ಯಾವುದನ್ನು ನೋಡಿ ಕಾಯಂ ಮಾಡುತ್ತಾರೆ? ನಿಜ ಹೇಳಬೇಕೆಂದರೆ ಕಾಯಂ ಆಗುವುದಕ್ಕಿಂತ ಆ ವಾಕ್ಯ ನಾನೇ ಬರೆಯಬೇಕು ಅಂತ ಆಸೆ. ಇಷ್ಟು ದಿನ ಬೇರೆಯವರ ವಾಕ್ಯಗಳನ್ನು ಓದಿ ಓದಿ ಅಡಿಗೆರೆ ಎಳೆದವಳು. ನಾನು ಬರೆದದ್ದು ಒಂದೇ ಒಂದು ಸಾಲು, ಎಲ್ಲರ ಅಡುಗೆಮನೆಯಲ್ಲಿ, ಹಾಲಿನ ಪ್ಯಾಕೆಟ್ಟಿನ ಮೇಲೆ! ಯಾವ ಕವಿಗೆ ಅಷ್ಟು ಜನ ಓದುಗರಿದ್ದಾರೆ ಹೇಳು.

ಬರೆದು ಬರೆದು ಈಗ ಇಲ್ಲಿಗೆ ತಂದು ನಿಲ್ಲಿಸಿದ್ದೇನೆ: 'ಇದು ತದ್ರೂಪಿ ಆಡಿನ ಹಾಲು. ಬೇರೆ ಹಾಲಿನಷ್ಟೇ ಸುರಕ್ಷಿತ.' ಆಡಿನ ಜಾಗದಲ್ಲಿ ಹಸು, ಕುರಿ, ಯಾವುದಾದರೂ ಬರಬಹುದು. ಮೇಡಂ ಓದಿ, "ಇದರಲ್ಲಿ, ಎಲ್ಲೂ, ನಿಲ್ಲುವುದಕ್ಕೆ ಜಾಗವೇ ಇಲ್ಲವಲ್ಲ" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆಯೋ ಬೈಗುಳವೋ ಅಂತ ಮಧ್ಯಾಹ್ನವೆಲ್ಲ ಯೋಚಿಸಿದೆ. ಸಂಜೆ ಹೋಗುವಾಗ, "ಚೆನ್ನಾಗಿದೆ" ಅಂದರು. ಒಂದೇ ಉಸಿರಿನಲ್ಲಿ.

ಆದರೆ ಮೇಲಿನ ಅಧಿಕಾರಿಗಳ ಮನಸ್ಸು ಒಕ್ಕೂಟದ ಕಡೆಗೆ ವಾಲಿದೆ. ಎಲ್ಲ ಮೀಟಿಂಗಿನಲ್ಲೂ ನಿನ್ನ ಫೋಟೋ ಮೇಜಿನ ಮೇಲಿರುತ್ತದೆ. 'ಈ ಹೆಂಗಸಿನ ಗತಿ ಏನು?' ಅಂತ ಒಬ್ಬರು ಕೇಳಿದರೆ ಸಾಕು, ಎಲ್ಲರೂ ತಲೆ ತಗ್ಗಿಸುತ್ತಾರೆ. ನಾನೂ ತಗ್ಗಿಸುತ್ತೇನೆ, ಬೇರೆ ಕಾರಣಕ್ಕೆ. ಜೂನ್ ಕೊನೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ. ಯಾರು ಬೇಕಾದರೂ ಬಂದು ಮಾತಾಡಬಹುದು. ಆಮೇಲೆ ತೀರ್ಮಾನ.

ನಿನಗೆ ಬಾ ಅಂತ ಹೇಳುತ್ತಿಲ್ಲ. ಬರಬೇಡ ಅಂತಲೂ ಹೇಳುತ್ತಿಲ್ಲ. ಇನ್ನೊಬ್ಬಳು ಭುಜದ ಮೇಲೆ ಗದ್ದ ಇಡುತ್ತಾಳೆ ಅಂತ ಓದಿದ ಮೇಲೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಸಭೆಯ ಸುತ್ತೋಲೆ ಜೊತೆಗಿದೆ. ಸುಮ್ಮನೆ ಇಟ್ಟಿದ್ದೇನೆ.

ಮಗಳು

•

ಜೂನ್ ೧೬

ಮಗಳೇ,

ಕೂತುಕೊಂಡು ಓದು.

ನಿನ್ನ ಸಾಲನ್ನು ಅಂಗಡಿ ಮುಂದೆ ಹಲಗೆಯ ಮೇಲೆ ಬರೆಸಿಬಿಟ್ಟೆ. ಒಂದೊಂದು ಅಕ್ಷರ ನನ್ನ ಅಂಗೈಯಷ್ಟಿದೆ. ಇನ್ನೊಬ್ಬಳ ಹಾಲಿಗೆ ಬೇರೆ ಕ್ಯಾನು ಇಟ್ಟೆ. ಇಷ್ಟು ದಿನ ಎಲ್ಲರದ್ದೂ ಒಂದೇ ಕ್ಯಾನಿಗೆ ಸುರೀತಿದ್ದೆ, ಯಾಕೆ ಬೇರೆ ಇಡಬೇಕು ಅಂತ ಹೊಳೆದೇ ಇರಲಿಲ್ಲ. ನಿನ್ನ ಸಾಲಿನ ಕೆಳಗೆ ನನ್ನದೊಂದು ಸೇರಿಸಿದ್ದೇನೆ. ಈಗ ಹಲಗೆ ಹೀಗಿದೆ: 'ಇದು ತದ್ರೂಪಿ ಆಡಿನ ಹಾಲು. ಬೇರೆ ಹಾಲಿನಷ್ಟೇ ಸುರಕ್ಷಿತ. ಎರಡನ್ನೂ ಕರೆದವಳು ನಾನೇ.' ತಪ್ಪಿದ್ದರೆ ತಿದ್ದು.

ಮೊದಲನೇ ದಿನ ಅಂಗಡಿಯಲ್ಲಿ ನೊಣ ಹೊಡೀತಾ ಕೂತೆ. ಆಮೇಲೆ ರಿಟೈರಾದ ಪೋಸ್ಟ್‌ಮನ್ ಬಂದರು. ರಸ್ತೆಯ ಆಚೆಬದಿಯಿಂದಲೇ ಕನ್ನಡಕವಿಲ್ಲದೆ ಓದಿದೆ ಅಂತ ಅವರಿಗೆ ಹೆಮ್ಮೆ.

"ಎಲ್ಲಿ, ಆ ಡಬಲ್ ಆಡು ತೋರಿಸು" ಅಂದರು. ತೋರಿಸಿದೆ.

"ಅದಕ್ಕೂ ಇದಕ್ಕೂ ಒಂಚೂರೂ ಹೋಲಿಕೆ ಇಲ್ಲವಲ್ಲೇ! ನಿನಗೆ ಟೋಪಿ ಹಾಕಿದ್ದಾರೆ."

"ಹಾಲು ಕುಡಿದು ಹೇಳಿ."

ಕುಡಿದರು. "ಹಾಲಲ್ಲಿ ಟೋಪಿ ಇಲ್ಲ ಬಿಡು" ಅಂದರು. ಮಾರನೇ ದಿನ ತಮ್ಮ ಇಸ್ಪೀಟಿನ ಗುಂಪನ್ನೇ ಕರೆತಂದರು. ಟೈಲರ್ ಹೆಂಡತಿ ಒಂದು ವಾರ ಈ ಕಡೆ ತಲೆ ಹಾಕಲಿಲ್ಲ, ಈಗ ಬರ್ತಾಳೆ, ಆದರೆ ಮಾಮೂಲಿ ಕ್ಯಾನಿನದೇ ಬೇಕು. ಕೊಡ್ತೀನಿ, ಅವಳ ಇಷ್ಟ. ಮೂಲೆಮನೆಯವರು ಬರೋದೇ ಬಿಟ್ಟರು, ಇನ್ನೂ ಬಂದಿಲ್ಲ. ಬೇಜಾರಿದೆ, ಎಷ್ಟೋ ವರ್ಷದ ಗಿರಾಕಿ. ಆದರೆ ಹೇಳದೇ ಕುಡಿಸಿದ್ದರೆ ಇನ್ನೂ ಬೇಜಾರಾಗಿರೋದು.

ನಿನ್ನೆ ಸುಗಂಧರಾಯ ಓಡೋಡಿ ಬಂದ. ಆಡುಗಳೆಲ್ಲ ಸೀನಿದವು. ಹಲಗೆ ತೆಗೀರಿ ಅಂದ. ಜನ ಹೆದರ್ತಾರೆ ಅಂದ.

"ಯಾರೂ ಹೆದರಿಲ್ಲ, ಕೂತ್ಕೊಳ್ಳಿ, ನೀವೂ ಒಂದು ಲೋಟ ಕುಡೀರಿ" ಅಂದೆ.

"ಇಲ್ಲಮ್ಮ, ನಾನು ಆಡಿನ ಹಾಲು ಮುಟ್ಟಲ್ಲ. ವಾಸನೆ."

ಅವನ ಬಾಯಲ್ಲಿ ವಾಸನೆಯ ಮಾತು! ನಗು ತಡೆಯೋಕೆ ಆಗದೆ ಒಳಗೆ ಹೋಗಿ ನಕ್ಕು ಬಂದೆ. ಆಮೇಲೆ ಅವನು ಹಲ್ಲು ಮುಚ್ಚಿಕೊಂಡು ಹೇಳಿದ, ಹೀಗೆಲ್ಲ ಮಾಡಿದರೆ ಆಡನ್ನು ವಾಪಸು ಸಂಶೋಧನಾ ಕೇಂದ್ರಕ್ಕೆ ಕರೆಸಿಕೊಳ್ಳಬೇಕಾಗುತ್ತದೆ ಅಂತ. "ವ್ಯಾನಿಗೆ ಹತ್ತಿಸಿ ನೋಡೋಣ" ಅಂದೆ. ಹಗ್ಗ ಹಿಡಿದ. ಅವಳು ಅಷ್ಟು ದಿನ ಬಿಟ್ಟಿದ್ದ ಕುಣಿತವನ್ನೆಲ್ಲ ಒಟ್ಟಿಗೆ ಕುಣಿದಳು. ಅವನು ಕುಂಟಿಕೊಂಡು ಹೋದ. ಮತ್ತೆ ಬರುತ್ತಾನೆ, ನಾಲ್ಕು ಜನರನ್ನು ಕಟ್ಟಿಕೊಂಡು ಬರಬಹುದು. ಬಂದರೆ ಕರೆದುಕೊಂಡು ಹೋಗುತ್ತಾರೆ, ಕಾಗದದಲ್ಲಿ ಅವಳು ಅವರದೇ. ಅವಳ ಮರಿಗಳಾದರೂ ನನ್ನವು. ಅಷ್ಟು ಯೋಚನೆ ಮಾಡಿಯೇ ಹಲಗೆ ಹಾಕಿದ್ದು. ಅವತ್ತು ಹೊಡೆದು ಹಾಕಿದ ಸಾಲು ಇದೇ: 'ಅವಳನ್ನು ಬಿಟ್ಟಿರೋದು ನನ್ನಿಂದ ಆಗಲ್ಲ.' ಈಗಲೂ ಆಗಲ್ಲ. ಆದರೆ ನನ್ನ ಮುಖ ಹಾಕಿ ನಾನು ಹೇಳದ ಮಾತು ಮಾರಿಕೊಂಡು ತಿರುಗೋದನ್ನ ನೋಡ್ತಾ ಕೂರೋದೂ ಆಗಲ್ಲ.

ಸಭೆಗೆ ಬರ್ತೀನಿ. ಪೋಸ್ಟ್‌ಮನ್ ಅಂಗಡಿ ನೋಡ್ಕೋತಾರೆ. ನೀಲಿ ಸ್ವೆಟರೇ ಹಾಕ್ಕೊಂಡು ಬರ್ತೀನಿ, ಫೋಟೋದವಳು ಇವಳೇ ಅಂತ ಅವರಿಗೆ ಗುರುತಾಗಲಿ.

ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡು. ಅಲ್ಲಿ ನಿನಗೆ ನಾನು ಗೊತ್ತೋ, ಗೊತ್ತಿಲ್ಲವೋ? ಗೊತ್ತಿಲ್ಲ ಅನ್ನೋದಾದರೆ ಹಾಗೇ ಇರ್ತೀನಿ, ನಿನ್ನ ಕಡೆ ತಿರುಗಿಯೂ ನೋಡಲ್ಲ. ಬೇಜಾರು ಮಾಡಿಕೊಳ್ಳಲ್ಲ. ಶಾಲೆಯ ನಾಟಕದಲ್ಲಿ ಮರದ ಪಾತ್ರ ಮಾಡಿದವಳು ನಾನು, ಒಂದು ಗಂಟೆ ಅಲ್ಲಾಡದೆ ನಿಂತಿದ್ದೆ.

ಅಮ್ಮ

•

ಜೂನ್ ೨೭, ಬೆಳಿಗ್ಗೆ

ಅಮ್ಮಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನೀನು ಈಗಾಗಲೇ ಬಸ್ಸಿನಲ್ಲಿರುತ್ತೀಯ. ನಾನೇ ಕೈಯಲ್ಲಿ ಕೊಡುತ್ತೇನೆ.

ಹಲಗೆಯಲ್ಲಿ ತಿದ್ದುವಂಥದ್ದು ಏನೂ ಇಲ್ಲ. ನಿನ್ನ ಸಾಲನ್ನು ಪ್ಯಾಕೆಟ್ಟಿನ ಮೇಲೆ ಹಾಕಲು ಬರುವುದಿಲ್ಲ, ಅಷ್ಟೇ ಹೊಟ್ಟೆಕಿಚ್ಚು.

ಇವತ್ತು ಬೇಗ ಬಂದು ಸಭಾಂಗಣ ನೋಡಿದೆ. ಒಂದು ಉದ್ದ ಮೇಜು, ಅದರ ಹಿಂದೆ ಇಲಾಖೆಯವರ ಕುರ್ಚಿಗಳು. ಕೊನೆಯದರ ಮುಂದೆ ನನ್ನ ಹೆಸರಿನ ಬಿಳಿ ಚೀಟಿ ನಿಲ್ಲಿಸಿದ್ದರು. ಅಷ್ಟು ದಪ್ಪ ಅಕ್ಷರದಲ್ಲಿ ನನ್ನ ಹೆಸರನ್ನು ನಾನು ನೋಡಿದ್ದು ಇದೇ ಮೊದಲು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದೆ. ಆಮೇಲೆ ಮೇಡಂ ಕೋಣೆಗೆ ಹೋಗಿ, "ಪುಸ್ತಿಕೆಯಲ್ಲಿರೋದು ನನ್ನಮ್ಮ. ಅವರು ಆ ಮಾತು ಹೇಳಿಲ್ಲ. ಇದನ್ನ ಏಪ್ರಿಲ್‌ನಲ್ಲೇ ಹೇಳಬೇಕಿತ್ತು" ಅಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದರಿಂದ ಎಲ್ಲೂ ನಿಲ್ಲದೆ ಹೇಳಿಬಿಟ್ಟೆ.

ಮೇಡಂ ಪುಸ್ತಿಕೆ ತೆರೆದು ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ, "ಹಾಗಾದರೆ, ಲೇಬಲ್ ಕೆಲಸ, ಇವತ್ತಿನಿಂದ, ನಿನ್ನದಲ್ಲ" ಅಂದರು. ಗೊತ್ತಿದೆ ಅಂದೆ. "ಕಾಯಂ ವಿಚಾರ, ನನ್ನ ಕೈಯಲ್ಲಿ, ಇಲ್ಲ." ಅದೂ ಗೊತ್ತಿದೆ ಅಂದೆ. ನಾನು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಕೇಳಿದರು, "ಆ ಆಡು, ನಿಜಕ್ಕೂ, ಹಾಗೆ ಗದರಿಸುವ ಹಾಗೆಯೇ, ನೋಡುತ್ತದಾ?" ನಮ್ಮಮ್ಮ ಅದಕ್ಕಿಂತ ಜೋರು ಅಂದೆ. ಮೇಡಂ ನಕ್ಕರು. ನಗುವಾಗ ಅವರು ಎಲ್ಲೂ ನಿಲ್ಲುವುದಿಲ್ಲ.

ಗೇಟಿನ ಕಾವಲುಗಾರರಿಗೆ ಹೇಳಿದ್ದೇನೆ, ನೀಲಿ ಸ್ವೆಟರ್ ಹಾಕಿಕೊಂಡವರು ಬಂದರೆ ಒಳಗೆ ಬಿಡಿ, ಜೋರು ಮಾಡಿದರೆ ಹೆದರಬೇಡಿ ಅಂತ. ಯಾರು ಅಂತ ಕೇಳಿದರು. ಈ ಸಲ ಮೆಟ್ಟಿಲು ಹತ್ತುವ ಮೊದಲೇ ಉತ್ತರ ಹೇಳಿದೆ.

ಈಗ ಜನರ ಸಾಲಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲವಿಟ್ಟಿದ್ದೇನೆ, ನಿನಗೆ ಜಾಗ. ಮುಂದಿನ ಸಾಲಿನಲ್ಲಿ ಸುಗಂಧರಾಯ ಕಾಲು ಸವರಿಕೊಳ್ಳುತ್ತ ಕೂತಿದ್ದಾನೆ. ಹಿಂದೆ ಮುಂದೆ ಇನ್ನೂರು ಜನ ಇರಬಹುದು, ಇನ್ನೂ ಬರುತ್ತಿದ್ದಾರೆ. ಇಷ್ಟು ಜನರ ಮಧ್ಯೆ ನಾನು ಬಾಯಿ ತೆರೆದವಳಲ್ಲ ಅಂತ ನಿನಗೆ ಗೊತ್ತು.

ನೀನು ಮರವಾಗಿ ನಿಲ್ಲುವುದು ಬೇಡ. ಬಾಗಿಲಲ್ಲಿ ನೀಲಿ ಸ್ವೆಟರ್ ಕಂಡ ಕೂಡಲೇ ಎದ್ದು ನಿಂತು, ಆ ಕೊನೆಗೂ ಕೇಳುವ ಹಾಗೆ, 'ಅಮ್ಮಾ, ಇಲ್ಲಿ' ಅಂತ ಕೂಗುತ್ತೇನೆ.

ನಿನ್ನ
ಮಗಳು